ಎರೆಮಣ್ಣಿನ ಹಿತ್ತಲಿನ ದುರ್ನಾತ: ನೀರು ಬಸಿಯದ ನೆಲವನ್ನು ಸರಿಪಡಿಸಲು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ, ನವಲಗುಂದ, ಗದಗ, ವಿಜಯಪುರ ಕಡೆಯ ಎರೆಭೂಮಿಯಲ್ಲಿ ಮನೆ ಕಟ್ಟಿಕೊಂಡವರಿಗೆ ಈ ಅನುಭವ ಹೊಸದಲ್ಲ. ಮೃಗಶಿರ ಮಳೆಯ ಮೊದಲ ಹನಿಗಳು ಬಿದ್ದಾಗ ಹಿತ್ತಲಿನಿಂದ ಹಿತವಾದ ಮಣ್ಣಿನ ಕಂಪು ಏಳುತ್ತದೆ. ಪುಷ್ಯ ಮಳೆಯ ಹೊತ್ತಿಗೆ ಅದೇ ಹಿತ್ತಲಿನ ಬಾಗಿಲು ತೆರೆಯಲಾಗದಂತೆ ಕೊಳೆತ ಮೊಟ್ಟೆಯ ನಾತ ಹೊಡೆಯತೊಡಗುತ್ತದೆ. ಹಸ್ತ, ಚಿತ್ತಾ ಮಳೆಗಳು ಜೋರಾದ ವರ್ಷ ಅದು ದೀಪಾವಳಿಯವರೆಗೂ ಬಿಡುವುದಿಲ್ಲ. ಸಾಮಾನ್ಯವಾಗಿ ಜನ ಮೊದಲು ಫಿನೈಲ್ ಸುರಿಯುತ್ತಾರೆ, ಅದು ಸಾಲದಾದಾಗ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಾರೆ, ಮರುವರ್ಷ ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು ತರಿಸಿ ಹರಡುತ್ತಾರೆ, ಯಾವುದೂ ಫಲಿಸದಿದ್ದಾಗ ಕೊನೆಗೆ ಗಟಾರ ತೋಡುವ ಯೋಚನೆ ಮಾಡುತ್ತಾರೆ. ಈ ಕ್ರಮವನ್ನು ತಿರುಗಿಸಿದರೆ ಖರ್ಚೂ ಉಳಿಯುತ್ತದೆ, ಶ್ರಮವೂ ಉಳಿಯುತ್ತದೆ. ಮೊದಲು ನಾತದ ಮೂಲವನ್ನು ಗುರುತಿಸಬೇಕು, ಬಳಿಕ ನಿಂತ ನೀರನ್ನು ನೆಲದ ಮೇಲಿನಿಂದಲೇ ಸಾಗಹಾಕಬೇಕು, ನೆಲ ಬಸಿಯತೊಡಗಿದ ಮೇಲಷ್ಟೇ ಮಣ್ಣಿಗೆ ಕೈ ಹಾಕಬೇಕು. ಇಲ್ಲಿ ವಿವರಿಸಿರುವುದು ಎರೆಮಣ್ಣನ್ನು ಕುರಿತೇ ಆದರೂ ಬೇರೆ ಕಡೆಯ ಜೇಡಿಮಣ್ಣಿನ ಅಂಗಳಗಳಿಗೂ ಇದರಲ್ಲಿನ ಬಹುಪಾಲು ಅನ್ವಯಿಸುತ್ತದೆ.

ನಾತ ಹುಟ್ಟುವ ಬಗೆ

ಎರೆಮಣ್ಣಿನಲ್ಲಿ ಜೇಡಿಯ ಅಂಶ ಬಹಳ ಹೆಚ್ಚು, ಹಲವೆಡೆ ಅರ್ಧದಷ್ಟು. ಆ ಜೇಡಿಯ ಕಣಗಳು ನೀರು ಹೀರಿ ಉಬ್ಬುವ, ಒಣಗಿದಾಗ ಕುಗ್ಗಿ ಬಿರಿಯುವ ಜಾತಿಯವು. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಅಗಲದ ಬಿರುಕುಗಳು ಬಿಟ್ಟಿರುವ ನೆಲಕ್ಕೆ ಮೊದಲ ಮಳೆಯ ನೀರು ಸರಾಗವಾಗಿ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಂಡರೆ ನೀರು ಕೆಳಗಿಳಿಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಜೂನ್ ಮೊದಲ ವಾರದಲ್ಲಿ ಇಲ್ಲದ ನಾತ ಜುಲೈನಲ್ಲಿ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಮಣ್ಣಿನ ರಂಧ್ರಗಳು ನೀರಿನಿಂದ ತುಂಬಿದಾಗ ಒಳಗೆ ಗಾಳಿಯಾಡುವುದಿಲ್ಲ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುವುದರಿಂದ, ಒಳಗಿದ್ದ ಸ್ವಲ್ಪ ಆಮ್ಲಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಒಂದೆರಡು ದಿನಗಳಲ್ಲಿ ಮುಗಿಸಿಬಿಡುತ್ತವೆ. ಆ ಬಳಿಕ ಗಾಳಿಯಿಲ್ಲದೆ ಬದುಕುವ ಜೀವಿಗಳ ಸರದಿ ಬರುತ್ತದೆ. ಅವು ಉಸಿರಾಟಕ್ಕೆ ಆಮ್ಲಜನಕದ ಬದಲು ಮೊದಲು ನೈಟ್ರೇಟನ್ನು, ನಂತರ ಮ್ಯಾಂಗನೀಸ್ ಮತ್ತು ಕಬ್ಬಿಣವನ್ನು, ಕೊನೆಗೆ ಸಲ್ಫೇಟನ್ನು ಬಳಸಿಕೊಳ್ಳುತ್ತವೆ; ಸಲ್ಫೇಟಿನ ಸರದಿ ಬಂದಾಗ ಹೊರಬರುವ ಹೈಡ್ರೋಜನ್ ಸಲ್ಫೈಡ್ ಅನಿಲವೇ ಕೊಳೆತ ಮೊಟ್ಟೆಯ ನಾತ. ಜೊತೆಗೆ ಎಲೆ, ಅಡುಗೆಮನೆಯ ಚೂರು, ಹಸಿ ಸಗಣಿ ಇತ್ಯಾದಿಗಳು ಗಾಳಿಯಿಲ್ಲದೆ ಕೊಳೆತು ಹುಳಿಸಿದ ವಾಸನೆ ಬೀರುವ ಆಮ್ಲಗಳು ಹುಟ್ಟುತ್ತವೆ. ಹೀಗಾಗಿ ನಾತಕ್ಕೆ ಮೂರು ಸಂಗತಿಗಳು ಒಟ್ಟುಗೂಡಬೇಕು: ನಿಂತ ನೀರು, ಕೊಳೆಯುವ ಪದಾರ್ಥ, ಎರಡು ದಿನಕ್ಕೆ ಮೀರಿದ ಸಮಯ. ಮೂರರಲ್ಲಿ ನಮ್ಮ ಹಿಡಿತಕ್ಕೆ ಸುಲಭವಾಗಿ ಸಿಗುವುದು ನೀರು.

ಮೊದಲು ನಾತದ ಗುರುತು ಹಿಡಿಯಿರಿ

ಹಿತ್ತಲಿನಲ್ಲಿ ನಾತ ಬಂದ ಮಾತ್ರಕ್ಕೆ ಅದು ಮಣ್ಣಿನದೇ ಎಂದು ತೀರ್ಮಾನಿಸಬಾರದು. ಕೊಳೆತ ಎಲೆಕೋಸಿನಂಥ ವಾಸನೆ ಬರುತ್ತಿದ್ದರೆ, ಅದರಲ್ಲೂ ಒಣ ದಿನಗಳಲ್ಲೂ ಬರುತ್ತಿದ್ದರೆ, ಅಡುಗೆ ಅನಿಲದ ಸೋರಿಕೆಯನ್ನು ಮೊದಲು ಶಂಕಿಸಬೇಕು. ಸಿಲಿಂಡರಿನ ಅನಿಲಕ್ಕೆ ಸ್ವಂತ ವಾಸನೆಯಿಲ್ಲ, ಸೋರಿದ್ದು ತಿಳಿಯಲೆಂದೇ ಅದಕ್ಕೆ ಗಂಧಕವುಳ್ಳ ರಾಸಾಯನಿಕವನ್ನು ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಶೇಖರಗೊಳ್ಳುತ್ತದೆ. ಅಂಥ ಅನುಮಾನ ಬಂದರೆ ವಿದ್ಯುತ್ ಸ್ವಿಚ್ಚುಗಳನ್ನು ಮುಟ್ಟದೆ, ಬೆಂಕಿ ಹಚ್ಚದೆ ದೂರ ಸರಿದು 1906ಕ್ಕೆ ಕರೆ ಮಾಡಬೇಕು.

ಎರಡನೆಯ ಶಂಕೆ ಶೌಚಗುಂಡಿ ಅಥವಾ ಒಳಚರಂಡಿಯ ಮೇಲೆ. ಮಲದ ನಾತ, ಬೇಸಿಗೆಯಲ್ಲೂ ಒದ್ದೆಯಾಗಿಯೇ ಇರುವ ಒಂದು ಮೂಲೆ, ಆ ಜಾಗದಲ್ಲಿ ಮಾತ್ರ ಸೊಕ್ಕಿ ಬೆಳೆದ ಹುಲ್ಲು, ಮನೆಯೊಳಗೆ ನಿಧಾನವಾಗಿ ಇಳಿಯುವ ಶೌಚದ ನೀರು, ಇವು ಸೋರಿಕೆಯ ಗುರುತುಗಳು. ಖಚಿತಪಡಿಸಿಕೊಳ್ಳಲು ಆಹಾರಕ್ಕೆ ಬಳಸುವ ಗಾಢ ಬಣ್ಣವನ್ನು ಶೌಚದ ಕುಳಿಗೆ ಹಾಕಿ ನಾಲ್ಕೈದು ಬಕೆಟ್ ನೀರು ಸುರಿದು, ಮುಂದಿನ ಎರಡು ದಿನ ಹಿತ್ತಲಿನ ನೀರಿನಲ್ಲಿ ಬಣ್ಣ ಕಾಣುವುದೇ ಎಂದು ನೋಡಬಹುದು. ಬಣ್ಣ ಕಂಡರೆ ಸೋರಿಕೆ ಖಚಿತ, ಕಾಣದಿದ್ದರೆ ಸೋರಿಕೆ ಇಲ್ಲವೆಂದು ಹೇಳಲಾಗದು, ಏಕೆಂದರೆ ಜೇಡಿಯಲ್ಲಿ ನೀರು ಬಹಳ ನಿಧಾನವಾಗಿ ಸಾಗುತ್ತದೆ. ಎರೆಮಣ್ಣಿನಲ್ಲಿ ಶೌಚಗುಂಡಿಯ ಪಕ್ಕದ ಇಂಗುಗುಂಡಿ ಮಳೆಗಾಲದಲ್ಲಿ ಇಂಗಿಸುವ ಕೆಲಸವನ್ನೇ ಮಾಡುವುದಿಲ್ಲವೆಂಬುದನ್ನೂ ನೆನಪಿಡಬೇಕು. ಉಕ್ಕಿ ಬರುವ ನೀರು ಮಣ್ಣಿನ ದೋಷವಲ್ಲ, ವಿನ್ಯಾಸದ ದೋಷ. ಹತ್ತಿರದಲ್ಲಿ ಕುಡಿಯುವ ನೀರಿನ ಬಾವಿಯಿದ್ದರೆ ಇದು ನಾತದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಆರೋಗ್ಯದ ಪ್ರಶ್ನೆಯಾಗುತ್ತದೆ. ಭಾರತೀಯ ಮಾನಕ ಐಎಸ್ 2470ರ ಪ್ರಕಾರ ಇಂಗುಗುಂಡಿಯು ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರವಿರಬೇಕು.

ಗುಂಡಿಯ ಮುಚ್ಚಳ ತೆಗೆದು ಬಗ್ಗಿ ನೋಡುವುದನ್ನಾಗಲಿ, ಯಾರನ್ನಾದರೂ ಒಳಗಿಳಿಸುವುದನ್ನಾಗಲಿ ಎಂದಿಗೂ ಮಾಡಕೂಡದು. ಹೈಡ್ರೋಜನ್ ಸಲ್ಫೈಡ್ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೂ ಮೂಗಿಗೆ ತಿಳಿಯುತ್ತದೆ, ಆದರೆ ಸುಮಾರು ನೂರು ಪಾಲಿನ ಮಟ್ಟ ಮುಟ್ಟಿದರೆ ಮೂಗೇ ಮರಗಟ್ಟಿ ವಾಸನೆ ನಿಂತುಹೋಗುತ್ತದೆ. ನಾತ ಕಡಿಮೆಯಾಯಿತೆಂದು ಧೈರ್ಯ ತಂದುಕೊಂಡವರು ಸತ್ತಿರುವುದು ಹೀಗೆಯೇ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಶೌಚಗುಂಡಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧವೂ ಹೌದು. ಹೀರುವ ಯಂತ್ರದ ವಾಹನವನ್ನು ಕರೆಸುವುದೊಂದೇ ದಾರಿ. ತೆರೆದ ಹಿತ್ತಲಿನ ಮಣ್ಣಿನಿಂದ ಬರುವ ಅನಿಲ ಗಾಳಿಯಲ್ಲಿ ಚದುರಿಹೋಗುವುದರಿಂದ ಅಂಥ ಭಯವಿಲ್ಲ.

ಸತ್ತ ಹೆಗ್ಗಣದ ನಾತ ಒಂದು ಮೂಲೆಗೆ ಸೀಮಿತವಾಗಿದ್ದು ತಾನಾಗಿ ಇಳಿದುಹೋಗುತ್ತದೆ. ಅದನ್ನು ಇಷ್ಟಕ್ಕೇ ಬಿಡಬಹುದು. ಇವೆಲ್ಲ ಅಲ್ಲವೆಂದಾದರೆ, ಮಳೆಯ ನಂತರದ ಎರಡು ಮೂರನೆಯ ದಿನ ನಾತ ಏರುತ್ತಿದ್ದರೆ, ಗಾಳಿಯಾಡದ ಮುಂಜಾನೆ ಅದು ದಟ್ಟವಾಗಿದ್ದರೆ, ನೆಲವನ್ನು ಸಲಿಕೆಯಿಂದ ಎತ್ತಿದಾಗ ಇನ್ನೂ ಜೋರಾದರೆ, ಅದು ಮಣ್ಣಿನದೇ.

ಎರಡು ಪರೀಕ್ಷೆಗಳು

ಮೊದಲನೆಯದು ಬಸಿಯುವ ಪರೀಕ್ಷೆ. ಒಂದು ಅಡಿ ಅಗಲ, ಒಂದು ಅಡಿ ಆಳದ ಗುಣಿ ತೋಡಿ, ಸಲಿಕೆಯಿಂದ ನುಣುಪಾದ ಬದಿಗಳನ್ನು ಮೊಳೆಯಿಂದಲೋ ಕುರ್ಪಿಯಿಂದಲೋ ಗೀರಿ, ನೀರು ತುಂಬಿ ಒಂದು ರಾತ್ರಿ ಬಿಡಬೇಕು. ಮರುದಿನ ಮತ್ತೆ ತುಂಬಿ, ಅಡ್ಡಲಾಗಿ ಒಂದು ಕೋಲು ಇಟ್ಟು, ಗಂಟೆಗೊಮ್ಮೆ ನೀರು ಎಷ್ಟು ಇಳಿಯಿತೆಂದು ಅಳೆಯಬೇಕು. ಗಂಟೆಗೆ 2.5 ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಬಸಿಯುವಿಕೆ ಕಳಪೆಯೆಂದು ಲೆಕ್ಕ. ಎರೆಮಣ್ಣಿನಲ್ಲಿ ಈ ಪರೀಕ್ಷೆಯನ್ನು ಮಳೆಗಾಲದ ನಡುವೆಯೇ ಮಾಡಬೇಕು; ಏಪ್ರಿಲ್‌ನಲ್ಲಿ ಮಾಡಿದರೆ ಬಿರುಕುಗಳು ಬಕೆಟ್‌ಗಟ್ಟಲೆ ನೀರು ಕುಡಿದು, ನಿಮ್ಮದು ಮರಳುಮಣ್ಣೆಂಬ ಭ್ರಮೆ ಹುಟ್ಟಿಸುತ್ತವೆ. ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಇನ್ನೂ ಸರಳ, ಆದರೆ ಮಾಡುವವರು ಕಡಿಮೆ. ಹಿತ್ತಲಿನ ಬೇರೆ ಬೇರೆ ಕಡೆಯಿಂದ ಬಟಾಣಿ ಕಾಳಿನಷ್ಟು ದೊಡ್ಡ ನಾಲ್ಕೈದು ಹೆಂಟೆಗಳನ್ನು ಆರಿಸಿ ಒಣಗಿಸಿ, ಗಾಜಿನ ಲೋಟದಲ್ಲಿ ಮಳೆನೀರು ಹಾಕಿ, ಅಲುಗಾಡಿಸದೆ ಒಂದೊಂದನ್ನೇ ಇಳಿಬಿಡಬೇಕು. ಕೊಳವೆಬಾವಿಯ ನೀರು ಇದಕ್ಕೆ ಆಗದು, ಅದರಲ್ಲಿನ ಲವಣಗಳು ಫಲಿತಾಂಶವನ್ನು ಕೆಡಿಸುತ್ತವೆ. ಎರಡು ಗಂಟೆಯ ನಂತರ ಒಮ್ಮೆ, ಮರುದಿನ ಒಮ್ಮೆ ನೋಡಿ. ಹೆಂಟೆ ಉದುರಿ ಪುಡಿಯಾದರೂ ನೀರು ತಿಳಿಯಾಗಿದ್ದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ. ಹೆಂಟೆಯ ಸುತ್ತ ಹಾಲಿನಂಥ ಮಸುಕು ಹಬ್ಬಿ ನೀರೆಲ್ಲ ಕದಡಿದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿ ಜೇಡಿಯ ಕಣಗಳು ಬಿಡಿಬಿಡಿಯಾಗುತ್ತಿವೆ ಎಂದರ್ಥ. ಹಾಗೆ ಬಿಡಿಯಾದ ಕಣಗಳೇ ರಂಧ್ರಗಳಿಗೆ ಸಿಕ್ಕಿಕೊಂಡು ನೆಲಕ್ಕೆ ಬಿರಡೆ ಹಾಕುತ್ತವೆ. ಈ ಸೋಡಿಯಂ ಅನ್ನು ಹೊರದಬ್ಬಲು ಮಣ್ಣಿಗೆ ಬೆರೆಸುವ ಜಿಪ್ಸಮ್ ಪುಡಿ ಬೇಕೋ ಬೇಡವೋ ಎಂಬುದು ಈ ಲೋಟದಲ್ಲಿ ತೀರ್ಮಾನವಾಗುತ್ತದೆ. ಪ್ರಯೋಗಾಲಯದ ವರದಿ ಬೇಕೆನ್ನುವವರು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆಗೆ ಕೊಡಬಹುದು.

ನಾತವನ್ನು ತಕ್ಷಣ ತಗ್ಗಿಸಲು

ಮಳೆಗಾಲದ ನಡುವೆ ದೊಡ್ಡ ಕೆಲಸ ಹಿಡಿಯಲಾಗದು. ಸದ್ಯಕ್ಕೆ ನಿಂತ ನೀರನ್ನು ಮಗ್ಗಿನಿಂದಲೋ ಸಣ್ಣ ಪಂಪಿನಿಂದಲೋ ಎತ್ತಿ ಹಾಕಿ, ತೇಲುತ್ತಿರುವ ಎಲೆ, ಕಸಕಡ್ಡಿ, ಲೋಳೆಗಟ್ಟಿದ ಪಾಚಿಯನ್ನು ಬಾಚಿ ತೆಗೆದು, ಒಂದು ಮೂಲೆಯಿಂದ ಬೀದಿಯ ಮಳೆನೀರಿನ ಗಟಾರದವರೆಗೆ ಗುದ್ದಲಿಯಿಂದ ನಾಲ್ಕು ಬೆರಳು ಆಳದ ಹರಿಯನ್ನಾದರೂ ಕೊರೆಯಬೇಕು. ನೀರು ಇಳಿದ ಜಾಗದ ಮೇಲೆ ಚೆನ್ನಾಗಿ ಕಳಿತ ಗೊಬ್ಬರವನ್ನು ಒಂದು ಅಂಗುಲ ದಪ್ಪಕ್ಕೆ ಹರಡಿದರೆ, ಅದರಲ್ಲಿರುವ ಗಾಳಿ ಬಯಸುವ ಸೂಕ್ಷ್ಮಜೀವಿಗಳು ಕೆಳಗಿನಿಂದ ಏಳುವ ನಾತವನ್ನು ದಾರಿಯಲ್ಲೇ ತಿಂದುಹಾಕುತ್ತವೆ. ಓಡಾಟಕ್ಕೆ ಹಲಗೆಗಳನ್ನು ಹಾಸಿಕೊಳ್ಳಿ, ಏಕೆಂದರೆ ಒದ್ದೆ ಎರೆಮಣ್ಣಿನ ಮೇಲಿನ ಪ್ರತಿ ಹೆಜ್ಜೆಯೂ ಅಳಿದುಳಿದ ರಂಧ್ರಗಳನ್ನು ಹಿಸುಕಿಹಾಕುತ್ತದೆ.

ಫಿನೈಲ್ ನಾತವನ್ನು ಬೇರೊಂದು ವಾಸನೆಯಿಂದ ಮುಚ್ಚುತ್ತದೆ ಅಷ್ಟೆ. ಬ್ಲೀಚಿಂಗ್ ಪೌಡರ್ ಕೆಟ್ಟ ಜೀವಿಗಳೊಂದಿಗೆ ಒಳ್ಳೆಯವನ್ನೂ ಕೊಲ್ಲುತ್ತದೆ. ನೀರು ನಿಂತೇ ಇರುವುದರಿಂದ ಮರಳಿ ಬರುವವು ಮತ್ತೆ ಕೆಟ್ಟವೇ. ಅದನ್ನು ಶೌಚಾಲಯ ತೊಳೆಯುವ ಆಮ್ಲದ ದ್ರಾವಣದೊಂದಿಗೆ ಬೆರೆಸಿದರಂತೂ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಸುಣ್ಣ ಮತ್ತು ಒಲೆಯ ಬೂದಿಯನ್ನು ಸೂಚಿಸುವವರಿದ್ದಾರೆ. ಆದರೆ ಎರೆಮಣ್ಣು ಮೊದಲೇ ಕ್ಷಾರದ ಕಡೆಗಿರುವ ಮಣ್ಣು, ಹಸಿ ಸಗಣಿ ಅಥವಾ ಮೂತ್ರ ಬೆರೆತ ಜಾಗದಲ್ಲಿ ಸುಣ್ಣ ಬಿದ್ದರೆ ಅಮೋನಿಯಾದ ಘಾಟು ಇನ್ನೂ ಹೆಚ್ಚುತ್ತದೆ.

ನೀರು ಬರುವ ದಾರಿಗಳು

ಮಳೆ ನಿಂತ ಮೇಲೆ ಮಾಡಬೇಕಾದ ಮೊದಲ ಕೆಲಸ ಹಿತ್ತಲಿಗೆ ಎಲ್ಲೆಲ್ಲಿಂದ ನೀರು ಬರುತ್ತಿದೆಯೆಂದು ಲೆಕ್ಕ ಹಾಕುವುದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ಮಾಳಿಗೆಯ ಮೇಲೆ ಒಂದೇ ಸಂಜೆ 50 ಮಿಲಿಮೀಟರ್ ಸುರಿದರೆ 5,000 ಲೀಟರ್, ಅಂದರೆ ಒಂದು ಟ್ಯಾಂಕರ್ ನೀರು. ಮಾಳಿಗೆಯ ಪೈಪುಗಳು ಹಿತ್ತಲಿನ ಗೋಡೆಯ ಬುಡಕ್ಕೆ ಬಿಟ್ಟಿದ್ದರೆ, ಗಂಟೆಗೆ ಒಂದು ಅಂಗುಲವೂ ಇಂಗದ ನೆಲಕ್ಕೆ ಇಷ್ಟನ್ನೂ ನಾವೇ ಸುರಿದಂತಾಯಿತು. ಪೈಪಿಗೆ ಜೋಡಣೆ ಕೊಟ್ಟು ಆ ನೀರನ್ನು ನೇರವಾಗಿ ಸಂಗ್ರಹಣಾ ತೊಟ್ಟಿಗೋ ರಸ್ತೆ ಬದಿಯ ಮಳೆನೀರಿನ ಗಟಾರಕ್ಕೋ ಒಯ್ಯುವುದು ಇಡೀ ಮಾರ್ಗದರ್ಶಿಯಲ್ಲಿ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಹೆಚ್ಚು ಫಲದ ಕೆಲಸ. ಒಳಚರಂಡಿಗೆ ಮಾತ್ರ ಮಳೆನೀರನ್ನು ಬಿಡಬಾರದು. ಜೋರು ಮಳೆಯಲ್ಲಿ ಬೀದಿಯ ಚೇಂಬರುಗಳು ಉಕ್ಕಿ ಮನೆಯೊಳಗೇ ಹಿಮ್ಮರಳುವುದಕ್ಕೆ ಇಂಥ ಜೋಡಣೆಗಳೂ ಕಾರಣ.

ಇನ್ನೊಂದು ದಾರಿ ಬಚ್ಚಲು. ಬಚ್ಚಲ ನೀರನ್ನು ಹಿತ್ತಲಿನ ಬಾಳೆ, ಕೆಸುವಿಗೆ ಬಿಡುವುದು ನಮ್ಮ ಹಳೆಯ ರೂಢಿ, ಒಳ್ಳೆಯ ರೂಢಿಯೂ ಹೌದು. ಆದರೆ ಆ ಕಾಲದ ಬಚ್ಚಲಿಗೆ ಬೀಳುತ್ತಿದ್ದುದು ಸೀಗೆಪುಡಿ, ಕಡಲೆಹಿಟ್ಟು. ಈಗ ಬೀಳುವುದು ಬಟ್ಟೆ ತೊಳೆಯುವ ಪುಡಿ. ಬಹಳಷ್ಟು ಪುಡಿಗಳಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತದೆ, ತೂಕ ತುಂಬಲು ಸೋಡಿಯಂ ಸಲ್ಫೇಟನ್ನೂ ಸೇರಿಸುತ್ತಾರೆ. ಅದರ ಸೋಡಿಯಂ ಜೇಡಿಯನ್ನು ಬಿಡಿಸಿ ನೆಲದ ಬಾಯಿ ಮುಚ್ಚುತ್ತದೆ. ಅದರ ಸಲ್ಫೇಟ್ ಗಾಳಿಯಿಲ್ಲದ ಮಣ್ಣಿನಲ್ಲಿ ಕೊಳೆತ ಮೊಟ್ಟೆಯ ನಾತವಾಗುತ್ತದೆ. ಇಡೀ ಹಿತ್ತಲು ಸರಿಯಿದ್ದು ಬಟ್ಟೆ ಒಗೆಯುವ ಕಲ್ಲಿನ ಸುತ್ತ ಮಾತ್ರ ಗಬ್ಬು ನಾರುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಆದ್ದರಿಂದ ಬಟ್ಟೆ ಒಗೆದ ನೀರನ್ನು ಒಳಚರಂಡಿಯಿರುವಲ್ಲಿ ಅದಕ್ಕೇ ಜೋಡಿಸಬೇಕು. ಸ್ನಾನದ ನೀರನ್ನು ಮಾತ್ರ ಗಿಡಗಳಿಗೆ ಬಿಡಬಹುದು, ಅದೂ ಎರಡು ಪಾತಿಗಳನ್ನು ಮಾಡಿಕೊಂಡು ದಿನ ಬಿಟ್ಟು ದಿನ ಬದಲಿಸುತ್ತ, ಯಾವ ಪಾತಿಯಲ್ಲೂ ನೀರು ಮರುದಿನದವರೆಗೆ ನಿಲ್ಲದಂತೆ. ಪಾತ್ರೆ ತೊಳೆದ ನೀರಿನಲ್ಲಿ ಅನ್ನದ ಅಗುಳು, ಜಿಡ್ಡು ಇರುವುದರಿಂದ ಜಾಲರಿಯಿಲ್ಲದೆ ಅದನ್ನು ಮಣ್ಣಿಗೆ ಬಿಡಲೇಬಾರದು. ಸೋರುವ ನಲ್ಲಿ, ತುಂಬಿ ಚೆಲ್ಲುವ ಟ್ಯಾಂಕುಗಳನ್ನು ಸರಿಪಡಿಸುವುದನ್ನು ಬೇರೆ ಹೇಳಬೇಕಿಲ್ಲ.

ಇಳಿಜಾರು ಮತ್ತು ತೆರೆದ ಗಟಾರ

ಮನೆ ಕಟ್ಟುವಾಗ ಅಡಿಪಾಯದೊಳಕ್ಕೆ ಗರಸು ತುಂಬಿ ಎತ್ತರಿಸುತ್ತಾರೆ, ಅಂಗಳವನ್ನು ರಸ್ತೆಯ ಮಟ್ಟಕ್ಕೆ ತರುತ್ತಾರೆ, ಹಿತ್ತಲನ್ನು ಇದ್ದಂತೆ ಬಿಟ್ಟುಬಿಡುತ್ತಾರೆ. ಆಮೇಲೆ ರಸ್ತೆ ಪ್ರತಿ ಡಾಂಬರಿನೊಂದಿಗೆ ಮೇಲೇರುತ್ತ ಹೋಗಿ ಹಿತ್ತಲು ಬಟ್ಟಲಾಗುತ್ತದೆ. ಆದ್ದರಿಂದ ಮಟ್ಟ ನೋಡದೆ ಗುದ್ದಲಿ ಎತ್ತಬಾರದು. ಗೌಂಡಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪಿನಿಂದ ಗೋಡೆಯ ಬುಡ, ಹಿತ್ತಲಿನ ನಡು, ಕಾಂಪೌಂಡಿನ ಮೂಲೆಗಳು ಮತ್ತು ಹೊರಗಿನ ಗಟಾರದ ತಳ, ಇಷ್ಟನ್ನೂ ಅಳೆದು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ನೀರು ಹೋಗಬೇಕಾದ ಜಾಗ ನೀರು ನಿಂತ ಜಾಗಕ್ಕಿಂತ ಕೆಳಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಉಳಿದದ್ದೆಲ್ಲ ಮೈಮುರಿಯುವ ಕೆಲಸ ಮಾತ್ರ.

ಗೋಡೆಯಿಂದ ಮೊದಲ ಮೂರು ಮೀಟರಿನಲ್ಲಿ ಸುಮಾರು 15 ಸೆಂಟಿಮೀಟರ್ ಇಳಿಜಾರು, ಆಮೇಲೆ ಪ್ರತಿ ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರ್ ಇಳಿಜಾರು ಇದ್ದರೆ ಸಾಕು. ಇಲ್ಲಿ ಬಹುಜನ ಮಾಡುವ, ನಾನೂ ಒಮ್ಮೆ ಮಾಡಿದ ತಪ್ಪೆಂದರೆ ತಗ್ಗನ್ನು ಕೆಂಪು ಮಣ್ಣಿನಿಂದ ತುಂಬಿ ಮೇಲ್ಮೈಯನ್ನು ಮಟ್ಟಸಗೊಳಿಸುವುದು. ಕೆಂಪು ಮಣ್ಣಿನೊಳಗೆ ಇಳಿದ ನೀರು ಕೆಳಗಿನ ಎರೆಯ ತಳಕ್ಕೆ ಬಂದು ನಿಲ್ಲುತ್ತದೆ; ಮೇಲೆ ಒಣಗಿದಂತೆ ಕಾಣುವ ನೆಲದ ಒಂದು ಗೇಣು ಕೆಳಗೆ ಕಣ್ಣಿಗೆ ಕಾಣದ ಕೆರೆ ಉಳಿದು, ನಾತ ಎಲ್ಲಿಂದ ಬರುತ್ತಿದೆಯೆಂಬುದೇ ತಿಳಿಯದಾಗುತ್ತದೆ. ಇಳಿಜಾರನ್ನು ಮೊದಲು ಎರೆಯಲ್ಲಿಯೇ ರೂಪಿಸಬೇಕು. ಎತ್ತರದ ಕಡೆಯಿಂದ ಕೆತ್ತಿ ತಗ್ಗಿನ ಕಡೆಗೆ ಹಾಕಿ, ತುಳಿದು ಗಟ್ಟಿಗೊಳಿಸಿ, ಎರೆಯ ಮೇಲ್ಮೈಯೇ ಹೊರಕ್ಕೆ ಇಳಿಯುವಂತಾದ ಮೇಲೆ ಬೇಕಿದ್ದರೆ ಒಂದು ಗೇಣು ಸಡಿಲ ಮಣ್ಣು ಹರಡಬಹುದು. ಎರೆಗೆ ಮರಳು ಬೆರೆಸುವ ಸಲಹೆಯನ್ನೂ ಕೇಳಬಾರದು. ಒಟ್ಟು ಮಣ್ಣಿನ ಅರ್ಧಕ್ಕಿಂತ ಹೆಚ್ಚು ಮರಳಾಗದ ಹೊರತು ಪ್ರಯೋಜನವಿಲ್ಲ, ಸ್ವಲ್ಪ ಬೆರೆಸಿದರೆ ಒಣಗಿದಾಗ ಇಟ್ಟಿಗೆಯಂತಾಗುತ್ತದೆ.

ಗೋಡೆಯ ಉದ್ದಕ್ಕೂ ಎರಡೂವರೆ ಅಡಿ ಅಗಲಕ್ಕೆ ಗರಸಿನ ಹಾಸಿನ ಮೇಲೆ ಶಹಾಬಾದ್ ಫರ್ಸಿಯನ್ನು ಹೊರಕ್ಕೆ ವಾಲಿಸಿ ಹಾಕಿಸುವುದು ಎರೆಭೂಮಿಯಲ್ಲಿ ನಾತಕ್ಕಷ್ಟೇ ಅಲ್ಲ, ಮನೆಗೂ ಕ್ಷೇಮ. ಬುಡದ ಮಣ್ಣು ಉಬ್ಬುವುದು ಕುಗ್ಗುವುದು ತಗ್ಗಿದಷ್ಟೂ ಗೋಡೆಯ ಬಿರುಕು ತಗ್ಗುತ್ತದೆ.

ಇಳಿಜಾರಿನ ಕೊನೆಗೆ ತೆರೆದ ಗಟಾರ. ಎರಡು ಅಡಿ ಅಗಲ, ಅರ್ಧ ಅಡಿ ಆಳದ, ಅಂಚುಗಳು ಮೆಲ್ಲಗೆ ಇಳಿಯುವ ತಟ್ಟೆಯಾಕಾರದ ಕಾಲುವೆ ತೋಡಿ ಅದರಲ್ಲಿ ಗರಿಕೆ ಹಬ್ಬಿಸುವುದು ನನ್ನ ಆಯ್ಕೆ. ಸಿಮೆಂಟಿನ ಗಟಾರ ನೋಡಲು ಚೆನ್ನ, ಆದರೆ ನೇರವಾಗಿ ಎರೆಯ ಮೇಲೆ ಕಟ್ಟಿದರೆ ಮಣ್ಣು ಉಬ್ಬಿ ಕುಗ್ಗುವ ಒಂದೆರಡು ಸುತ್ತಿನಲ್ಲೇ ಜೋಡಣೆಗಳು ಬಿರಿದು, ಬಿರುಕಿನಲ್ಲಿ ಕೊಳಚೆ ನಿಂತು, ಹೊಸ ನಾತದ ತಾಣವಾಗುತ್ತದೆ. ಕಟ್ಟಿಸಲೇಬೇಕಿದ್ದರೆ ಅಡಿಯಲ್ಲಿ ಅರ್ಧ ಅಡಿ ಗರಸು ಬಡಿಸಬೇಕು. ನೀರನ್ನು ನೆರೆಯವರ ಜಾಗಕ್ಕೆ ತಿರುಗಿಸುವುದು ಪರಿಹಾರವಲ್ಲ, ಜಗಳ.

ನೆಲದೊಳಗಿನ ಬಸಿಗಾಲುವೆ ಯಾವಾಗ ಬೇಕು

ಜಲ್ಲಿ ತುಂಬಿದ ಬಸಿಗಾಲುವೆಯನ್ನೇ ಎಲ್ಲದಕ್ಕೂ ಮದ್ದೆಂದು ಹೇಳುವವರು ಎರೆಮಣ್ಣನ್ನು ಕಂಡವರಲ್ಲ. ಉಬ್ಬಿದ ಎರೆಯೊಳಗಿಂದ ನೀರು ಬದಿಗೆ ಸರಿದು ಪೈಪನ್ನು ಸೇರಲು ದಿನಗಟ್ಟಲೆ ಬೇಕು, ನಾತ ಹುಟ್ಟಲು ಎರಡು ದಿನ ಸಾಕು. ಆದರೂ ಇಳಿಜಾರು ಕೊಡಲಾಗದ ಇಕ್ಕಟ್ಟಿನ ಜಾಗದಲ್ಲಿ, ಈಗಾಗಲೇ ಹರಡಿದ ಕೆಂಪು ಮಣ್ಣಿನ ಅಡಿಯಲ್ಲಿ ನಿಂತ ನೀರನ್ನು ಹೊರತೆಗೆಯಲು, ಅಥವಾ ಎತ್ತರದ ಪಕ್ಕದ ಸೈಟಿನಿಂದ ಜಿನುಗುವ ನೀರನ್ನು ತಡೆಯಲು ಅದು ಬೇಕಾಗುತ್ತದೆ.

ಅಡಿಪಾಯದಿಂದ ಒಂದೂವರೆ ಎರಡು ಮೀಟರ್ ದೂರದಲ್ಲಿ, ಒಂದು ಅಡಿ ಅಗಲ, ಒಂದೂವರೆಯಿಂದ ಎರಡು ಅಡಿ ಆಳದ ಕಂದಕವನ್ನು ಪ್ರತಿ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಯುವಂತೆ ತೋಡಬೇಕು. 15 ಮೀಟರ್ ಉದ್ದಕ್ಕೆ 15 ಸೆಂಟಿಮೀಟರ್ ಇಳಿತ ಸಿಗದಿದ್ದರೆ ಕೆಲಸವನ್ನು ಅಲ್ಲಿಗೇ ಕೈಬಿಡುವುದು ಲೇಸು. ಕಂದಕದ ಒಳಮೈಗೆ ನೀರು ಸೋಸುವ ನೇಯದ ಜಿಯೋ ಬಟ್ಟೆ ಹಾಸಿ, ತಳಕ್ಕೆ ಎರಡು ಅಂಗುಲ ತೊಳೆದ ಜಲ್ಲಿ ಹಾಕಿ, ರಂಧ್ರ ಕೊರೆದ ನಾಲ್ಕಂಗುಲದ ಪಿವಿಸಿ ಪೈಪನ್ನು ರಂಧ್ರಗಳು ಕೆಳಮುಖವಾಗುವಂತೆ ಇಡಬೇಕು. ರಂಧ್ರಗಳು ಮೇಲ್ಮುಖವಾಗಿದ್ದರೆ ಪೈಪಿನ ಕೆಳಗೆ ನೀರು ತುಂಬಿ ಮೇಲೇರುವವರೆಗೂ ಅದು ಹರಿಯದು. ಪೈಪಿನ ಸುತ್ತ ಮತ್ತು ಮೇಲೆ 20 ಮಿಲಿಮೀಟರ್ ಜಲ್ಲಿ ತುಂಬಿ, ಬಟ್ಟೆಯನ್ನು ಮಡಚಿ ಮುಚ್ಚಿ, ಕೊನೆಯ ನಾಲ್ಕಂಗುಲಕ್ಕೆ ದಪ್ಪ ಮರಳು ಅಥವಾ ಜಲ್ಲಿಯನ್ನೇ ಹಾಕಬೇಕು. ತೋಡಿದ ಎರೆಯನ್ನೇ ಮತ್ತೆ ಮೇಲೆ ಮುಚ್ಚಿದರೆ ಬಾಟಲಿಗೆ ಬಿರಡೆ ಹಾಕಿದಂತೆ. ಬಟ್ಟೆಯ ಬದಲು ಗೋಣಿಚೀಲ ಬಳಸುವ ಉಳಿತಾಯ ಬೇಡ, ಅದು ಬೇಗನೆ ಕೊಳೆತು ನಾರುತ್ತದೆ. ಪೈಪಿನ ಮೇಲ್ತುದಿಗೆ ನೆಲದ ಮಟ್ಟದವರೆಗೆ ಒಂದು ನೇರ ಕೊಳವೆ ಜೋಡಿಸಿ ಮುಚ್ಚಳ ಹಾಕಿಟ್ಟರೆ ವರ್ಷಕ್ಕೊಮ್ಮೆ ನೀರು ಬಿಟ್ಟು ತೊಳೆಯಬಹುದು.

ಮಣ್ಣಿಗೆ ಕೈ ಹಾಕುವುದು

ಜಿಪ್ಸಮ್ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಜೇಡಿಗೆ ಅಂಟಿದ ಸೋಡಿಯಂ ಅನ್ನು ಹೊರದಬ್ಬುತ್ತದೆ, ಬಿಡಿ ಕಣಗಳು ಮತ್ತೆ ಕೂಡಿಕೊಳ್ಳುತ್ತವೆ, ರಂಧ್ರಗಳು ತೆರೆದುಕೊಳ್ಳುತ್ತವೆ. ಆದರೆ ಹೊರದಬ್ಬಿದ ಸೋಡಿಯಂ ನೀರಿನೊಂದಿಗೆ ಹರಿದುಹೋಗಲು ದಾರಿ ಬೇಕು. ದಾರಿಯಿಲ್ಲದ ಬಟ್ಟಲಿಗೆ ಜಿಪ್ಸಮ್ ಹಾಕಿದರೆ ಸೋಡಿಯಂ ಅಲ್ಲೇ ಉಳಿಯುತ್ತದೆ, ಸಾಲದ್ದಕ್ಕೆ ಜಿಪ್ಸಮ್‌ನ ಸಲ್ಫೇಟ್ ಗಾಳಿಯಿಲ್ಲದ ಜೀವಿಗಳಿಗೆ ಆಹಾರವಾಗಿ ಮೊಟ್ಟೆಯ ನಾತವನ್ನು ಹೆಚ್ಚಿಸುತ್ತದೆ. ಗಟಾರ ಮೊದಲು, ಜಿಪ್ಸಮ್ ಆಮೇಲೆ ಎಂದು ಪಟ್ಟು ಹಿಡಿಯುವುದು ಇದಕ್ಕಾಗಿ. ಲೋಟದ ಪರೀಕ್ಷೆಯಲ್ಲಿ ನೀರು ಕದಡಿದ್ದರೆ ಮಾತ್ರ, ಚದರ ಮೀಟರಿಗೆ ಅರ್ಧದಿಂದ ಒಂದು ಕಿಲೋ ಜಿಪ್ಸಮ್ ಪುಡಿಯನ್ನು ಮುಂಗಾರಿಗೆ ಮುನ್ನ ಹರಡಿ ಮೇಲಿನ ನಾಲ್ಕೈದು ಅಂಗುಲ ಮಣ್ಣಿಗೆ ಬೆರೆಸಬೇಕು. ನೀರು ತಿಳಿಯಾಗಿದ್ದವರು ಆ ಹಣದಲ್ಲಿ ಗೊಬ್ಬರ ಕೊಳ್ಳಲಿ.

ಗೊಬ್ಬರವೆಂದರೆ ಪೂರ್ತಿ ಕಳಿತದ್ದು. ಕೈಯಲ್ಲಿ ಹಿಡಿದರೆ ಕಪ್ಪಗೆ, ಪುಡಿಪುಡಿಯಾಗಿ, ಕಾಡಿನ ಮಣ್ಣಿನ ವಾಸನೆಯದು. ಹಸಿ ಸಗಣಿ, ಅರೆಕೊಳೆತ ಎಲೆಗಳನ್ನು ಒದ್ದೆ ಎರೆಯಲ್ಲಿ ಹೂತರೆ ಮೇಲೆ ಹೇಳಿದ ಮೂರು ಸಂಗತಿಗಳಲ್ಲಿ ಎರಡನೆಯದನ್ನು ನಾವೇ ಒದಗಿಸಿದಂತೆ. ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ ಆರೇಳು ಅಂಗುಲ ಆಳದವರೆಗೆ ಬೆರೆಸಬೇಕು. ಇದಕ್ಕೆ ಹದ ನೋಡುವುದು ಮುಖ್ಯ. ಒಕ್ಕಲಿಗರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಕೆಳಗೆ ಬಿಟ್ಟಾಗ ಅದು ಚೂರಾದರೆ ಹದ ಬಂದಿದೆ, ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೂ ಕಾಯಬೇಕು. ಎರೆಯಲ್ಲಿ ಹದ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ತಪ್ಪಿದರೆ ಹಾರೆಯೂ ಇಳಿಯದ ಕಲ್ಲಾಗುತ್ತದೆ. ಮೊದಲ ಸಲ ಅಗೆದಾಗ ಕೆಳಗಿನ ಪದರ ಬಯಲಾಗಿ ಒಂದೆರಡು ದಿನ ನಾತ ಹೆಚ್ಚಿದಂತೆ ಅನಿಸುತ್ತದೆ, ಗಾಳಿ ತಾಗಿದ ಮೇಲೆ ಅದು ಇಳಿಯುತ್ತದೆ. ಮಣ್ಣಿನ ಕಟ್ಟು ಬದಲಾಗುವುದಕ್ಕೆ ಮಾತ್ರ ಪ್ರತಿ ವರ್ಷ ಗೊಬ್ಬರ ಹಾಕುತ್ತ ಎರಡು ಮೂರು ಮಳೆಗಾಲ ಕಾಯಬೇಕು.

ಏನು ಬೆಳೆಯಬೇಕು, ಹೇಗೆ

ಎರೆಯಲ್ಲಿ ಗುಣಿ ತೋಡಿ ಒಳ್ಳೆಯ ಮಣ್ಣು ತುಂಬಿ ಸಸಿ ನೆಟ್ಟರೆ ಆ ಗುಣಿ ಸುತ್ತಲಿನ ನೀರನ್ನೆಲ್ಲ ಹೀರಿ ಹಿಡಿದಿಡುವ ಬಕೆಟ್ಟಾಗುತ್ತದೆ. ಸಸಿಯ ಬೇರು ಕೊಳೆತು ಅದೇ ನಾರುತ್ತದೆ. ಗುಣಿಗಿಂತ ದಿಬ್ಬ ಲೇಸು. ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿರುವ ಇಕ್ರಿಸಾಟ್ ಕೃಷಿ ಸಂಶೋಧನಾ ಸಂಸ್ಥೆಯು ಕಪ್ಪು ಮಣ್ಣಿನ ಹೊಲಗಳಿಗಾಗಿ ಅಗಲ ಮಡಿ ಮತ್ತು ಹರಿಗಳ ಪದ್ಧತಿಯನ್ನು ರೂಪಿಸಿತು; ಸುಮಾರು ಒಂದು ಮೀಟರ್ ಅಗಲದ ಏರುಮಡಿ, ಪಕ್ಕದಲ್ಲಿ ಅರ್ಧ ಮೀಟರ್ ಹರಿ, ಹರಿಗಳೆಲ್ಲ ಒಂದು ಕಾಲುವೆಗೆ ಕೂಡುವ ಆ ವ್ಯವಸ್ಥೆ ಹಿತ್ತಲಿಗೂ ಅಷ್ಟೇ ಚೆನ್ನಾಗಿ ಒಗ್ಗುತ್ತದೆ. ಬದನೆ, ಮೆಣಸಿನಗಿಡ, ಸೊಪ್ಪುಗಳನ್ನು ಮಡಿಯ ಮೇಲೆ ಬೆಳೆಯಬಹುದು. ಹರಿಯ ಅಂಚಿಗೆ ಲಾವಂಚ, ಒದ್ದೆ ಮೂಲೆಗೆ ಕೆಸು ಅಥವಾ ಕಾಬಾಳೆ, ಮರ ಬೇಕೆನ್ನುವವರಿಗೆ ಹೊಂಗೆ, ಇವು ಬುಡದಲ್ಲಿ ಸ್ವಲ್ಪ ಕಾಲ ನೀರು ನಿಂತರೂ ತಾಳಿಕೊಳ್ಳುತ್ತವೆ. ಬಾಳೆಗೆ ನೀರು ಬೇಕೆಂಬುದು ನಿಜ, ನಿಂತ ನೀರು ಬೇಡ. ಅದನ್ನೂ ದಿಬ್ಬದ ಮೇಲೆಯೇ ನೆಡಬೇಕು. ಬೇಸಿಗೆಯಲ್ಲಿ ಶೇಂಗಾ ಸಿಪ್ಪೆ, ಜೋಳದ ದಂಟಿನ ಹೊದಿಕೆ ಬಿರುಕನ್ನು ತಗ್ಗಿಸುತ್ತದೆ, ಆದರೆ ರೋಹಿಣಿ ಮಳೆಗೆ ಮುನ್ನ ಅದನ್ನು ತೆಳುವಾಗಿಸದಿದ್ದರೆ ಒದ್ದೆ ಕಂಬಳಿಯಾಗಿ ಕೂತು ಹುಳಿಯುತ್ತದೆ.

ರೋಹಿಣಿ ಮಳೆಯ ಹೊತ್ತಿಗೆ ಗಟಾರದ ಹೂಳು ತೆಗೆದು, ಹೊರಬಾಯಿಯ ಜಾಲರಿ ಬಿಡಿಸಿ, ಬೇಸಿಗೆಯಲ್ಲಿ ಕುಸಿದ ಇಳಿಜಾರನ್ನು ಮತ್ತೆ ತಿದ್ದಬೇಕು. ಎರೆನೆಲ ಪ್ರತಿ ವರ್ಷ ಅಲುಗಾಡುವುದರಿಂದ ಇದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಶ್ರಾವಣದಲ್ಲಿ ಹಳೆಯ ಗುಣಿಯ ಪಕ್ಕದಲ್ಲೇ ಬಸಿಯುವ ಪರೀಕ್ಷೆಯನ್ನು ಮತ್ತೆ ಮಾಡಿ ಬರೆದಿಟ್ಟ ಅಂಕಿಯೊಂದಿಗೆ ಹೋಲಿಸಿ. ಅಂಕಿ ಬದಲಾಗದೆ ನಾತ ಮಾತ್ರ ಹೋಗಿದ್ದರೆ ಚಿಂತೆಯಿಲ್ಲ, ನೀರು ಮೇಲಿನಿಂದ ಹೋಗುತ್ತಿದೆ. ಇಡೀ ಬಡಾವಣೆಯೇ ತಗ್ಗಿನಲ್ಲಿದ್ದು ಹೊರಗಿನ ಗಟಾರವೇ ಹಿತ್ತಲಿಗಿಂತ ಮೇಲಿದ್ದರೆ ಮಾತ್ರ ಈ ಯಾವ ಇಳಿಜಾರೂ ಕೆಲಸಕ್ಕೆ ಬಾರದು. ಆಗ ಅತ್ಯಂತ ತಗ್ಗಿನ ಮೂಲೆಯಲ್ಲಿ ಎರಡು ಅಡಿ ಅಗಲದ ಸಿಮೆಂಟ್ ರಿಂಗ್‌ಗಳನ್ನು ಇಳಿಸಿ, ತಳಕ್ಕೆ ಜಲ್ಲಿ ಹಾಕಿ, ಮಕ್ಕಳು ಬೀಳದಂತೆ ಭದ್ರವಾದ ಮುಚ್ಚಳ ಮಾಡಿಸಿ, ನೀರು ಏರಿದಾಗ ತಾನೇ ಚಾಲೂ ಆಗುವ ತೇಲುಗುಂಡಿನ ಪಂಪನ್ನು ಕೂರಿಸಬೇಕು. ಜೋರು ಮಳೆಯ ರಾತ್ರಿಗಳಲ್ಲೇ ಕರೆಂಟು ಹೋಗುವುದರಿಂದ ಅದರ ಸಂಪರ್ಕವನ್ನು ಇನ್ವರ್ಟರಿಗೆ ಕೊಡಿಸಿ, ಇನ್ವರ್ಟರ್ ಆ ಪಂಪಿನ ಭಾರವನ್ನು ಹೊರಬಲ್ಲದೇ ಎಂದು ಎಲೆಕ್ಟ್ರಿಷಿಯನ್ನರಿಂದ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ.